ಸ್ಟುಡಿಯೋದ ಕೋಟು

ನವೆಂಬರ್ 3, ಸೋಮವಾರ
ಬೆಳಿಗ್ಗೆ ಅಮ್ಮನೊಂದಿಗೆ ಮತ್ತೆ ಅದೇ ಜಗಳ. ಅಪ್ಪನ ಫೋಟೋಗೆ ಅಬ್ಬಲಿಗೆ ಮಾಲೆ ಹಾಕಿದ್ದೆ, ಮುಖದ ಸುತ್ತ ಬರುವ ಹಾಗೆ. ಅಮ್ಮ ಸ್ಟೂಲ್ ಹತ್ತಿ (ಎಪ್ಪತ್ತೆರಡು ವರ್ಷ!) ಮಾಲೆಯನ್ನು ಕೆಳಗೆಳೆದರು. ಅಪ್ಪನ ಎರಡೂ ಕೈ ಹೂವಿನಡಿ. ಯಾವಾಗಲೂ ಹೀಗೆ. ಕೇಳಿದರೆ, "ಅಲ್ಲಿಯೇ ಚಂದ."
ಕಾಲೇಜಿನಲ್ಲಿ ಪಾಠ ಮುಗಿಸಿ ಗ್ರಂಥಾಲಯಕ್ಕೆ. ಹಳೆಯ ಬಂಟ್ವಾಳದ ಫೋಟೋ ಪ್ರದರ್ಶನಕ್ಕೆ ಇನ್ನು ಇಪ್ಪತ್ತು ದಿನ. ಅಡಿಬರಹ ಬರೆಯುವುದು ನನ್ನ ಪಾಲು. ಎಂ.ಎ. ಮಾಡಿದ್ದಕ್ಕೆ ಶಿಕ್ಷೆ. ಇವತ್ತು ಪೋಸ್ಟ್‌ಕಾರ್ಡುಗಳು. 74ರ ನೆರೆ ಇಳಿದ ಮೇಲೆ ಪೇಟೆಯಿಂದ ಯಾರೋ ಬೊಂಬಾಯಿಗೆ ಬರೆದದ್ದು: "ನಾವೆಲ್ಲ ಕ್ಷೇಮ. ಅಂಗಡಿ ಇಲ್ಲ." ಅಷ್ಟೆ. ರಾತ್ರಿ ನಾನು ಕವಿತೆ ಬರೆಯುವ ಪುಸ್ತಕ ತೆರೆಯಲು ಮನಸ್ಸಾಗಲಿಲ್ಲ.

ನವೆಂಬರ್ 5, ಬುಧವಾರ
ಅಬ್ದುಲ್ ಶುಕೂರರು ಪೆಟ್ಟಿಗೆ ಕಳಿಸಿದ್ದಾರೆ. ಅವರ ತಂದೆಯ ಫೋಟೋ ಸ್ಟುಡಿಯೋದ್ದು. ಅಂಗಡಿ ಮುಚ್ಚಿಯೇ ಎಷ್ಟೋ ವರ್ಷ. ಒಳಗೆ ದೊಡ್ಡದೊಂದು ಗುಂಪು ಫೋಟೋ—ಹಂಚಿನ ಕಾರ್ಖಾನೆಯ ಕೆಲಸದವರು, 1978. ನಿಂತವರಲ್ಲಿ ಎಡದಿಂದ ನಾಲ್ಕನೆಯವರಿಗೆ ತಲೆಯೇ ಇಲ್ಲ. ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ ತೂತು. ಮುಂಡು, ಬನಿಯನ್, ಮುಂದೆ ಕೂತವರ ಹೆಗಲ ಮೇಲೆ ಕೈ.
ಅಪ್ಪನೂ ಆ ಕಾರ್ಖಾನೆಯಲ್ಲಿಯೇ ಕೆಲಸಕ್ಕಿದ್ದದ್ದು. ನನಗೆ ಮೂರು ತುಂಬುವ ಮೊದಲೇ ತೀರಿಹೋದರು. ನೆನಪಿಲ್ಲ. ಗೊತ್ತಿರುವುದು ಎರಡೇ: ಕೋಟು ಹಾಕಿ ಕೂತ ಗೋಡೆಯ ಫೋಟೋ, ಮತ್ತೆ ಎಡಗೈಯ ಕಿರುಬೆರಳು ಅರ್ಧ ಹಂಚು ಒತ್ತುವ ಯಂತ್ರಕ್ಕೆ ಹೋಗಿತ್ತು ಎಂದು ಅಮ್ಮ ಹೇಳಿದ್ದು. ಒಂದೊಂದೇ ಮುಖ ನೋಡಿದೆ. ಅಪ್ಪ ಇಲ್ಲ.
ಡಿಸೈನ್ ಮಾಡುವ ಹರ್ಷಿತಾ, ನನ್ನ ಹಳೆಯ ವಿದ್ಯಾರ್ಥಿನಿ, ಇಣುಕಿದಳು.
"ಮೇಡಂ, ಎಐಯಲ್ಲಿ ಒಂದು ಮುಖ ಕೂರಿಸುವ. ಎರಡು ನಿಮಿಷದ ಕೆಲಸ."
"ಯಾರ ಮುಖ?"
"ಯಾರದ್ದಾದರೇನು? ತೂತು ಕಾಣದಿದ್ದರೆ ಸಾಕಲ್ಲ."
ಇಪ್ಪತ್ತಕ್ಕೆ ಪ್ರಿಂಟಿಗೆ ಹೋಗಬೇಕಂತೆ. ಅಷ್ಟರೊಳಗೆ ಹೇಳಿ ಎಂದಳು.

ನವೆಂಬರ್ 9, ಭಾನುವಾರ
ಶುಕೂರರೇ ಬಂದರು. ತೂತು ನೋಡಿ ನಕ್ಕರು.
"ದ್ವೇಷದಲ್ಲಿ ಕತ್ತರಿಸಿದ್ದಲ್ಲ ಟೀಚರೇ. ಸತ್ತವರದ್ದು ಒಂಟಿ ಫೋಟೋ ಇರುವುದಿಲ್ಲ. ಮನೆಯವರು ಇಂಥದ್ದು ಹಿಡಿದುಕೊಂಡು ಬರುವುದು. ತಂದೆಯವರು ತಲೆ ಕತ್ತರಿಸಿ, ಕೋಟು ಹಾಕಿ ಕೂತ ಬೇರೆ ಯಾರದ್ದಾದರೂ ಮೈಗೆ ಅಂಟಿಸಿ, ಪುನಃ ಫೋಟೋ ತೆಗೆದು ದೊಡ್ಡದು ಮಾಡಿ ಕೊಡುವುದು."
"ಯಾವ ಕೋಟು?"
"ಸ್ಟುಡಿಯೋದ್ದು ಮಾರಾಯ್ರೆ. ಒಂದೇ ಇದ್ದದ್ದು. ಅರ್ಧ ಬಂಟ್ವಾಳ ಅದರಲ್ಲಿ ಕೂತಿದೆ!"
ಪೆಟ್ಟಿಗೆಯಿಂದ ನಾಲ್ಕು ಫೋಟೋ ತೆಗೆದು ತೋರಿಸಿದರು. ಕಪ್ಪು ಕೋಟು. ಮೇಲಿಂದ ಎರಡನೆಯ ಗುಂಡಿ ಮಾತ್ರ ಬಿಳಿ.
ಆ ಗುಂಡಿ ನನಗೆ ಗೊತ್ತು. ಬುದ್ಧಿ ಬಂದಂದಿನಿಂದ ನಮ್ಮ ಗೋಡೆಯ ಮೇಲೆ ನೋಡುತ್ತಿರುವುದು.
ಗುಂಪು ಫೋಟೋದ ಮೇಲೆ ಭೂತಗನ್ನಡಿ ಹಿಡಿದೆ. ಹೆಗಲ ಮೇಲಿನ ಕೈ. ಎಡಗೈ. ಕಿರುಬೆರಳು—ಅರ್ಧ.

ಅದೇ ದಿನ, ಸಂಜೆ
ಮನೆಗೆ ಬಂದು ಮಾಲೆ ಎತ್ತಿದೆ. ಕುರ್ಚಿಯ ಕೈ ಮೇಲೆ ಎರಡು ಕೈ. ಹತ್ತೂ ಬೆರಳು ಸರಿಯಾಗಿವೆ. ಬಾಗಿಲಲ್ಲಿ ಅಮ್ಮ.
"ಗೊತ್ತಾಯಿತಾ?"
ಮೊಬೈಲಿನಲ್ಲಿ ಗುಂಪು ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. ತೂತನ್ನಲ್ಲ. ಕೈಯನ್ನು. ಸೆರಗಿನಿಂದ ಸ್ಕ್ರೀನ್ ಒರೆಸಿದರು, ಅದು ಆಫ್ ಆಯಿತು, ಗಾಬರಿಯಾದರು.
"ತಲೆ ಇಲ್ಲದ್ದನ್ನು ಹೇಗೆ ಮನೆಗೆ ತರುವುದು ಮಗಾ? ಸ್ಟುಡಿಯೋದಲ್ಲಿಯೇ ಬಿಟ್ಟು ಬಂದೆ. ಆಮೇಲೆ ನೋಡಿದರೆ ಇದರಲ್ಲಿ ಯಾರದ್ದೋ ಕೈ... ಪರಗಂಡಸಿನ ಕೈ. ದಿನಾ ಎದುರು."
ನಾನು ಅದರೆದುರೇ ಕೈ ಮುಗಿದು ಪರೀಕ್ಷೆಗೆ ಹೋಗುತ್ತಿದ್ದದ್ದು, ಮೊದಲ ಸಂಬಳ ಇಟ್ಟದ್ದು...
ಬರೆಯಲಾಗುವುದಿಲ್ಲ.

ನವೆಂಬರ್ 19, ಬುಧವಾರ
ಹತ್ತು ದಿನ ಏನೂ ಬರೆದಿಲ್ಲ. ಅಮ್ಮನಿಗೂ ನನಗೂ ಸಾರಿಗೆ ಉಪ್ಪು ಸಾಕೋ ಎಂಬಷ್ಟೇ ಮಾತು.
ನಾಳೆ ಪ್ರಿಂಟಿಗೆ. ಹರ್ಷಿತಾ ಲ್ಯಾಪ್‌ಟಾಪ್ ತಿರುಗಿಸಿದಳು. ತೂತಿನಲ್ಲಿ ಒಬ್ಬ ಯುವಕ, ಮೀಸೆ, ನಗು. ಬಹಳ ಚೆನ್ನಾಗಿತ್ತು. ಸ್ಕ್ರೀನನ್ನು ಅವಳ ಕಡೆಗೇ ತಿರುಗಿಸಿದೆ.
"ತೆಗಿ."
"ಮೇಡಂ, ಜನ ಕೇಳ್ತಾರೆ."
"ಕೇಳಲಿ." ಅಡಿಬರಹದ ಚೀಟಿ ಕೊಟ್ಟೆ. ಜೋರಾಗಿಯೇ ಓದಿದಳು: "ಎಡದಿಂದ ನಾಲ್ಕನೆಯವರು, ರುಕ್ಮಯ್ಯ. ತಲೆ ನಮ್ಮ ಮನೆಯಲ್ಲಿ ಉಂಟು."
ನಗಲು ಹೊರಟವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಆ ಯುವಕನನ್ನು ಅಳಿಸಿದಳು.
ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೂ ಚೀಟಿ ಓದಿ ಹೇಳಿದೆ. ಮಜ್ಜಿಗೆ ಬಡಿಸಿದರು.

ನವೆಂಬರ್ 23, ಭಾನುವಾರ, ಬೆಳಿಗ್ಗೆ 9.10
ಹತ್ತಕ್ಕೆ ಉದ್ಘಾಟನೆ. ಅಮ್ಮ ಏಳಕ್ಕೇ ರೇಷ್ಮೆ ಸೀರೆ ಉಟ್ಟು ಜಗಲಿಯಲ್ಲಿ. ಮಡಿಲಲ್ಲಿ ಬಟ್ಟೆಯಂಗಡಿಯ ದೊಡ್ಡ ಚೀಲ, ಚೌಕಾಕಾರ.
"ಎಂತ ಅಮ್ಮ ಅದು?"
"ನಲವತ್ತೈದು ವರ್ಷ ಕೋಟು ಹಾಕಿಕೊಂಡು ಒಬ್ಬರೇ ಕೂತಿದ್ದಾರೆ. ಇವತ್ತೊಂದು ದಿನ ತಮ್ಮವರೊಟ್ಟಿಗೆ ನಿಲ್ಲಲಿ."
ಫೋಟೋ ಇದ್ದ ಗೋಡೆಯಲ್ಲಿ ಬಿಳಿಯ ಚೌಕ. ಮೊಳೆಯಲ್ಲಿ ನಿನ್ನೆಯ ಮಾಲೆ, ಬರಿದೇ ತೂಗುತ್ತಿದೆ. ಇವತ್ತಿನ ಹೂ ಎಲ್ಲಿ ಎಂದೆ.
"ಬೇಡ. ಅಲ್ಲಿ ಅವರ ಕೈ ಉಂಟಲ್ಲ, ಕಾಣಲಿ."
ಆಟೋ ಬಂತು. ಅಮ್ಮ ಚೀಲ ನನ್ನ ಕೈಗೆ ಕೊಡುತ್ತಿಲ್ಲ, ತಾವೇ—