ಅಪ್ಪನ ಫೋನಿನಿಂದ ಬಂದ ‘ಆಯ್ತು’

ಭಾನುವಾರ, ಡಿಸೆಂಬರ್ ೭
ಮಧ್ಯಾಹ್ನ, ಒಲೆ ಪಕ್ಕದ ಸ್ಟೂಲಿನ ಮೇಲಿಂದ

ಮುದ್ದು ಅಕ್ಕಾ, ಮತ್ತೆ ನಿನ್ನ ಮಡಿಲಲ್ಲಿ ಈ ಕಾಗದ ಎಳೆಯುತ್ತಿರುವ ನನ್ನ ಗುಂಡಣ್ಣಾ,

ನೀನು ನಮ್ಮ ಮನೆಯ ‘ಬೆಚ್ಚಗಿರೋಣ’ ಗ್ರೂಪ್ ಬಿಟ್ಟು ಇವತ್ತಿಗೆ ಹದಿನಾಲ್ಕು ದಿನ. ‘ಅಕ್ಕ ಗುಂಪನ್ನು ತೊರೆದಿದ್ದಾರೆ’ ಎಂಬ ಬೂದು ಸಾಲು ಇನ್ನೂ ಅಲ್ಲೇ ಕೂತಿದೆ. ಅದರ ಕೆಳಗೆ ಅಮ್ಮ ಹಾಲು ತರೋಕೆ ಹೇಳಿದ್ದಾಳೆ, ನಾನು ಬೆಕ್ಕಿನ ಸ್ಟಿಕರ್ ಹಾಕಿದ್ದೇನೆ, ಅಮ್ಮ ಮತ್ತೆ ಹಾಲು ಅಂದಿದ್ದಾಳೆ. ಎಷ್ಟು ಬರೆದರೂ ಬೆರಳು ಮೇಲಕ್ಕೆ ಸರಿಸಿದರೆ ಆ ಸಾಲೇ ಕಣ್ಣಿಗೆ ಬೀಳುತ್ತದೆ.

ಅಮ್ಮನ ಫೋನಿಗೆ ನೀನು ಕಳಿಸಿದ್ದನ್ನು ಓದಿದೆ. “ಒಲೆ ಅಪ್ಪನ ಕೈಗೆ ಬಿಡಬೇಡಿ. ಇಲಿ ನೋಡ್ಕೊಳ್ತಾಳೆ ಅಂದ್ರೆ ಮಗೂನ ಕರ್ಕೊಂಡು ಬರ್ತೀನಿ. ಇಲ್ಲಾಂದ್ರೆ ಈ ಚಳಿಗಾಲ ನಾನಿಲ್ಲೇ. ಏನೇನು ಮಾಡ್ತಾಳೆ ಅಂತ ಬರೆದು ಕಳಿಸ್ಲಿ. ವಾಯ್ಸ್ ನೋಟ್ ಬೇಡ, ನಗ್ತಾ ನಗ್ತಾ ಅರ್ಧ ನುಂಗ್ತಾಳೆ.”

ಅದಕ್ಕೇ ನಿನ್ನ ಇಲಿಯ ಈ ಕಾಗದ. ಇದರಲ್ಲಿ ಡಿಲೀಟ್ ಇಲ್ಲ. ಗೀಚಿ ಹಾಕಿದರೂ ನೀನು ಬೆಳಕಿಗೆ ಹಿಡಿದು ಓದುವವಳು.

ಭಾವ ಇಪ್ಪತ್ತಕ್ಕೆ ಕೆಲಸಕ್ಕೆ ಹಡಗು ಹತ್ತುತ್ತಾರೆ. ಆಮೇಲೆ ಎರಡು ತಿಂಗಳು ಆ ಮೂರನೇ ಮಹಡಿಯಲ್ಲಿ ನೀನು, ಮೂರು ತಿಂಗಳ ಮಗು, ಇಬ್ಬರೇ. ಅಮ್ಮ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೊಲಿಗೆ ಅಂಗಡಿಯಿಂದ ಬಂದವಳೇ ನಿನ್ನ ಕೋಣೆಗೆ ಹೋಗಿ, ನಿನ್ನೆ ತಾನೇ ಮಡಿಸಿಟ್ಟ ಪುಟ್ಟ ಹೊದಿಕೆಗಳನ್ನು ಬಿಡಿಸಿ ಮತ್ತೆ ಮಡಿಸುತ್ತಾಳೆ. ಅಷ್ಟೇ ಅವಳ ಮಾತು.

ಸರಿ, ಮೊದಲು ಮನೆ ಬೆಚ್ಚಗಿಡುವ ಈ ಒಲೆಯ ಪರಿಚಯ. ನೀನು ಮದುವೆಯಾಗಿ ಹೋದ ಮೇಲೆ ಬಂದದ್ದು ಇದು, ನಿನಗೆ ಇದರ ಮುಖ ಮಾತ್ರ ಗೊತ್ತು. ಮರದ ಹೊಟ್ಟನ್ನು ಒತ್ತಿ ಮಾಡಿದ ಬೆರಳಿನ ಉಗುರಿನಷ್ಟು ಗುಳಿಗೆಗಳೇ ಇದರ ಊಟ. ಪೆಲೆಟ್ ಅಂತಾರೆ. ಮೇಲಿನ ಡಬ್ಬಿಗೆ ಸುರಿದರೆ ಒಂದು ತಿರುಪು ತಿರುಗಿ ಸ್ವಲ್ಪ ಸ್ವಲ್ಪವೇ ಉರಿಬಟ್ಟಲಿಗೆ ಹಾಕುತ್ತದೆ. ನೀನು ಗುಂಡಣ್ಣನಿಗೆ ಚಮಚದಲ್ಲಿ ಔಷಧಿ ಹಾಕುವ ಹಾಗೆ. ಒಳಗಿರುವ ಫ್ಯಾನ್ ಹೊಗೆಯನ್ನು ಗೋಡೆಯ ಪೈಪಿನಿಂದ ಆಚೆಗೆ ತಳ್ಳುತ್ತದೆ. ಪೈಪ್ ಮೇಲಕ್ಕೆ ತಿರುಗುವ ಕಡೆ ಕೆಳಗೊಂದು ಮುಚ್ಚಳವಿದೆ. ಹಾರಿ ಬಂದ ಬೂದಿಯೆಲ್ಲ ಬಂದು ಕೂರುವುದು ಅಲ್ಲೇ. ಆ ಮುಚ್ಚಳವನ್ನು ನೆನಪಿಟ್ಟುಕೋ. ನಮ್ಮ ರಗಳೆಯೆಲ್ಲ ಅದರದ್ದೇ.

ಗ್ರೂಪ್ ಬಿಟ್ಟ ಆ ಭಾನುವಾರ ವಿಡಿಯೋ ಕಾಲ್‌ನಲ್ಲಿ ನೀನು ನೋಡಿದ್ದು ಅರ್ಧ ಮಾತ್ರ. ಹಿಂದಿನ ದಿನ, ಶನಿವಾರ, ಅಮ್ಮ ಅಂಗಡಿಯಿಂದ ಗ್ರೂಪ್‌ಗೆ ಬರೆದಿದ್ದಳು, ಹೊರಗಿನ ಪೈಪಿನ ಕೆಳಮುಚ್ಚಳ ತೆಗೆದು ಬೂದಿ ಖಾಲಿ ಮಾಡಿ, ಅಲ್ಲಿವರೆಗೂ ಒಲೆ ಹಚ್ಚಬೇಡಿ ಅಂತ. ಅಪ್ಪನ ಫೋನಿನಿಂದ ‘ಆಯ್ತು’ ಅಂತ ಉತ್ತರ ಬಂತು. ನೀನೂ ನೋಡಿರುತ್ತೀಯ. ಅಮ್ಮ ಅದನ್ನು ‘ಮುಗೀತು’ ಅಂತ ಓದಿಕೊಂಡಳು. ಆದರೆ ಅದು ಬರೀ ‘ಸರಿ, ಮಾಡೋಣ’ ಎಂಬ ‘ಆಯ್ತು’. ಮುಚ್ಚಳವನ್ನು ಯಾರೂ ಮುಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ, ನಿಮಗೆ ತೋರಿಸೋಣ ಅಂತ, ಅಮ್ಮನೇ ಒಲೆ ಹಚ್ಚಿದಳು. ಬೆಂಕಿ ಒಂಥರಾ ಸೋಮಾರಿಯಾಗಿ, ಕಿತ್ತಳೆ ಬಣ್ಣದಲ್ಲಿ ತೂಗಾಡುತ್ತಿತ್ತು. ಗಾಜು ಕಪ್ಪಾಗುತ್ತಿತ್ತು. ನೀನು ಇತ್ತ ಗುಂಡಣ್ಣನ ಕೈ ಹಿಡಿದು ಟಾಟಾ ಮಾಡಿಸುತ್ತಿದ್ದೆ, ನಾನು ಅತ್ತ ಒಂದು ಫೋಟೋ ತೆಗೆದು ಒಲೆ ಗ್ರೂಪ್‌ಗೆ ಹಾಕಿದೆ, ‘ಇವನಿಗ್ಯಾಕೆ ಇವತ್ತು ನಿದ್ದೆ?’ ಅಂತ.

ಒಲೆ ಗ್ರೂಪ್ ಅಂದರೆ ಬ್ರಷ್ ಆಂಟಿಯ ಗ್ರೂಪ್. ಈ ಕಡೆಯ ಒಲೆಗಳನ್ನೆಲ್ಲ ರಿಪೇರಿ ಮಾಡುವವರು. ನೂರಾ ನಲವತ್ತು ಜನ ಇದ್ದೇವೆ, ನಾನು ಅವರ ನಂಬರ್ ಒನ್ ಫ್ಯಾನ್. ಅವರ ವಾಯ್ಸ್ ನೋಟ್ ಒಂದನ್ನೂ ಬಿಟ್ಟಿಲ್ಲ, ಕೆಲವನ್ನು ಎರಡೆರಡು ಸಲ ಕೇಳಿದ್ದೇನೆ. ನಗಬೇಡ. ನೀನು ಆ ಕ್ರಿಕೆಟ್ ಆಟಗಾರನ ಫೋಟೋವನ್ನು ಬೀರುವಿನೊಳಗೆ ಅಂಟಿಸಿಕೊಂಡಿದ್ದು ನನಗೆ ಗೊತ್ತು.

ಯಾವತ್ತೂ ಸಮಾಧಾನವಾಗಿ ಮಾತಾಡುವ ಆಂಟಿ ಅವತ್ತು ಬರೆದದ್ದು ಎರಡೇ ಪದ: “ಆಚೆ ಹೋಗಿ!!!” ಅದು ಬರುವುದಕ್ಕೂ ಗೋಡೆಯ ವಿಷಗಾಳಿ ಅಲಾರಂ ಕಿರುಚುವುದಕ್ಕೂ ಸರಿಹೋಯಿತು. ಅದನ್ನು ನೀನೇ ಕೇಳಿದ್ದೀಯ. ಆಮೇಲೆ ಅಪ್ಪ ಹಿಡಿದಿದ್ದ ಫೋನ್ ಕೈಯಿಂದ ಬಿದ್ದು ನಿನಗೆ ಬರೀ ಸೂರು ಕಾಣಿಸುತ್ತಿತ್ತಂತೆ. ಅಲ್ಲಿ ನೀನು ಎಷ್ಟು ಕೂಗಿಕೊಂಡೆ ಅಂತ ಭಾವ ಹೇಳಿದರು. 

ನಾವು ಮೂವರೂ ಬಾಗಿಲು ತೆರೆದಿಟ್ಟು ಬೀದಿಗೆ ಬಂದೆವು. ಅಮ್ಮನ ಕೈಯಲ್ಲಿ ಅರ್ಧ ಕಚ್ಚಿದ ಬ್ರೆಡ್, ಅಪ್ಪನ ಕಾಲಲ್ಲಿ ಒಂದೇ ಚಪ್ಪಲಿ. ಸ್ವಲ್ಪ ತಲೆನೋವು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ, ಇದು ಸತ್ಯ. ಒಲೆ ಆರಿಸೋಕೆ ಅಪ್ಪ ಒಳಗೆ ಹೋಗಲು ಹೊರಟಾಗ ಆಂಟಿ ನನ್ನ ಫೋನಿನಲ್ಲೇ ಗದರಿಸಿದರು, “ಮೊದ್ಲು ಜನ, ಆಮೇಲೆ ಒಲೆ! ನಿಂತ ಕಡೆ ನಿಲ್ಲಿ ಯಜಮಾನ್ರೇ!”

ಕಾಲು ಗಂಟೆಯಲ್ಲಿ ಅವರೇ ಸ್ಕೂಟರ್‌ನಲ್ಲಿ ಬಂದರು, ಬೆನ್ನಿಗೆ ಬ್ರಷ್ಷುಗಳು, ಸೊಂಟಕ್ಕೆ ಗಾಳಿ ಅಳೆಯುವ ಮೀಟರ್. ಒಲೆ ಪೂರ್ತಿ ಆರಿ ತಣ್ಣಗಾದ ಮೇಲೆ ಆ ಮುಚ್ಚಳ ಬಿಚ್ಚಿದರು ನೋಡು, ಬೂದಿ ಧೊಪ್ಪಂತ ಅವರ ಬೂಟಿನ ಮೇಲೇ ಬಿತ್ತು. ಕಮ್ಮಿ ಅಂದರೂ ಮೂರು ಸೇರು. ಪೈಪ್ ಕಟ್ಟಿಕೊಂಡಿದ್ದರಿಂದ ಹೊಗೆಗೆ ಆಚೆಗೆ ದಾರಿಯಿಲ್ಲ. ಒಲೆಯ ಬಾಗಿಲ ಸುತ್ತ ಸಂದಿ ಮುಚ್ಚಲು ಇರುವ ದಪ್ಪ ಹಗ್ಗ ಒಂದು ಮೂಲೆಯಲ್ಲಿ ಸವೆದಿತ್ತು, ಅಲ್ಲಿಂದ ಮನೆಯೊಳಕ್ಕೇ ನುಗ್ಗಿದೆ.

“ಇದನ್ನ ತೆಗೀಬೇಕಾಗಿದ್ದಿದ್ದು ಯಾರು?” ಅಂದರು ಆಂಟಿ.

ಅಮ್ಮ ಗ್ರೂಪ್ ತೆರೆದು ಫೋನ್ ಮುಂದೆ ಹಿಡಿದಳು. “ನೋಡಿ, ಆಯ್ತು ಅಂದಿದ್ದಾರಲ್ಲ ಇವ್ರು! ಅದನ್ನ ನಂಬಿ ಹಚ್ದೆ.”

ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಎರಡೂವರೆ ಅಕ್ಷರ ಓದೋಕೆ ತುಂಬಾ ಹೊತ್ತು ತಗೊಂಡರು. ಆಮೇಲೆ, “ಹೌದು, ನಂದೇ ತಪ್ಪು,” ಅಂದರು.

“ಯಜಮಾನ್ರೇ, ಆಯ್ತು ಅಂದ್ರೆ ಮುಗೀತು ಅಂತಾನಾ, ಸರಿ ಅಂತಾನಾ?”

“ಸರಿ ಅಂತ.”

“ಹಂಗಾದ್ರೆ ಇವತ್ತಿಂದ ಒಲೆ ವಿಷ್ಯದಲ್ಲಿ ಆ ಪದ ಬಿಟ್ಬಿಡಿ. ನಮ್ ಕಸುಬಲ್ಲಿ ಅದಕ್ಕೆ ಜಾಗ ಇಲ್ಲ. ಬೂದಿ ಬಕೆಟ್ ತೋರ್ಸಿ, ನಂಬ್ತೀನಿ.”

ಅವತ್ತಿನಿಂದ ನಮ್ಮ ಮನೆಯಲ್ಲಿ ‘ಆಯ್ತು’ ಬ್ಯಾನ್. ಒಂದೋ ‘ಮಾಡ್ತೀನಿ’, ಇಲ್ಲ ‘ಮುಗೀತು, ಬಂದು ನೋಡು’. ಮೊನ್ನೆ ಅಮ್ಮ ಊಟ ಆಯ್ತಾ ಅಂತ ಕೇಳಿ ತಾನೇ ನಾಲಿಗೆ ಕಚ್ಚಿಕೊಂಡಳು. ಅಪ್ಪ ಖಾಲಿ ತಟ್ಟೆ ಎತ್ತಿ ತೋರಿಸಿದರು. ಎರಡು ವಾರದಲ್ಲಿ ಮನೆಯವರೆಲ್ಲ ಸೇರಿ ನಕ್ಕಿದ್ದು ಅದೇ ಮೊದಲು.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಈ ಇಲಿ ದಿನಾ ಏನು ಮಾಡುತ್ತಾಳೆ?

ಒಲೆ ಆರಿಸುವುದು ಬಟನ್‌ನಿಂದ ಮಾತ್ರ. ಆರಿಸಿದ ಮೇಲೂ ಒಳಗಿನ ಫ್ಯಾನ್ ಸುಮಾರು ಹೊತ್ತು ಗೊರಗುಟ್ಟುತ್ತಿರುತ್ತದೆ, ಅದು ತಾನಾಗೇ ನಿಲ್ಲುವವರೆಗೂ ನಾನು ಪ್ಲಗ್ ಕಡೆ ತಿರುಗಿಯೂ ನೋಡುವುದಿಲ್ಲ. ಬೆಳಿಗ್ಗೆ ಪ್ಲಗ್ ತೆಗೆದು, ಕೈಯ ಹಿಂಬದಿಯಿಂದ ಮುಟ್ಟಿ, ಪೂರ್ತಿ ತಣ್ಣಗಿದ್ದರೆ ಮಾತ್ರ ಬಾಗಿಲು ತೆರೆಯುತ್ತೇನೆ. ಉರಿಬಟ್ಟಲು ಎತ್ತಿ ಕೆರೆಯುತ್ತೇನೆ. ಅದರ ತಳದಲ್ಲಿ ಗಾಳಿಗೆ ಇಪ್ಪತ್ತಮೂರು ತೂತುಗಳಿವೆ. ಅಮ್ಮನ ಸ್ವೆಟರ್ ಹೆಣೆಯುವ ಹಳೇ ಕಡ್ಡಿಯಿಂದ ಒಂದೊಂದನ್ನೂ ಚುಚ್ಚಿ, ಕಿಟಕಿಗೆ ಹಿಡಿದು, ಇಪ್ಪತ್ತಮೂರು ಬೆಳಕಿನ ಚುಕ್ಕಿ ಎಣಿಸಿದ ಮೇಲೆಯೇ ವಾಪಸ್ ಇಡುವುದು. ನೀನು ನನ್ನನ್ನು ಇಲಿ ಅಂತ ಕರೆದದ್ದು ಈಗ ಉಪಯೋಗಕ್ಕೆ ಬಂತು. ಈ ಮನೆಯಲ್ಲಿ ಒಲೆಯ ಹಿಂದಿನ ಮೂಲೆವರೆಗೂ ಹೋಗುವ ಕೈ ನನ್ನದೊಂದೇ.

ಬೂದಿ ಹೋಗುವುದು ಮುಚ್ಚಳವಿರುವ ತಗಡಿನ ಬಕೆಟ್‌ಗೆ. ಬಕೆಟ್ ಇರುವುದು ಹೊರಗೆ, ಗೋಡೆಯಿಂದ ದೂರ, ಸಿಮೆಂಟ್ ಕಟ್ಟೆಯ ಮೇಲೆ. ತಣ್ಣಗಿದೆ ಅಂತ ಅನಿಸಿದರೂ ಮೂರು ದಿನ ಅಲ್ಲೇ ಇರಬೇಕು. ಬೂದಿ ನಿದ್ದೆಯ ನಾಟಕ ಆಡುತ್ತದೆ, ಒಳಗೊಂದು ಕೆಂಡ ಕಣ್ಣು ಬಿಟ್ಟುಕೊಂಡೇ ಇರುತ್ತದೆ ಅನ್ನುತ್ತಾರೆ ಆಂಟಿ. ಅಮ್ಮನ ಕಾರ್ಪೆಟ್ ವ್ಯಾಕ್ಯೂಮ್ ಅಂತೂ ಈ ಕಡೆ ಬರುವ ಹಾಗಿಲ್ಲ. ಯಾರದೋ ಮನೆಯಲ್ಲಿ ಅದರಿಂದ ಬೂದಿ ಎಳೆದು ಬೀರುವಿನೊಳಗೆ ಇಟ್ಟಿದ್ದರಂತೆ, ಬಟ್ಟೆಯೆಲ್ಲ ಸುಟ್ಟು ಕರಕಲಾಯಿತಂತೆ.

ಗಾಜು ಒರೆಸೋದು ನನಗೆ ಭಾರಿ ಇಷ್ಟ. ಒದ್ದೆ ಪೇಪರನ್ನು ನುಣ್ಣನೆಯ ಬೂದಿಗೆ ಅದ್ದಿ ಉಜ್ಜಿದರೆ ಕಪ್ಪೆಲ್ಲ ಬಿಟ್ಟುಕೊಂಡು ಬರುತ್ತದೆ. ಬಾಗಿಲ ಹಗ್ಗ ಹೊಸದು. ಅದರ ಪರೀಕ್ಷೆಯನ್ನು ಆಂಟಿ ಹೇಳಿಕೊಟ್ಟರು. ಬಾಗಿಲ ಸಂದಿಗೆ ಒಂದು ಕಾಗದ ಇಟ್ಟು ಮುಚ್ಚಿ ಎಳೆಯಬೇಕು, ಸುಲಭವಾಗಿ ಜಾರಿದರೆ ಅಲ್ಲಿ ಸಂದಿಯಿದೆ ಅಂತ ಅರ್ಥ. ಈ ಪತ್ರದ ಮೊದಲ ಹಾಳೆಯ ಮೂಲೆ ಹರಿದಿದೆಯಲ್ಲ, ಅದು ಇಲಿ ಕಡಿದದ್ದಲ್ಲ. ಇದೇ ಹಾಳೆಯಿಂದ ಪರೀಕ್ಷೆ ಮಾಡಿದೆ. ನಾಲ್ಕು ಕಡೆಯೂ ಒಲೆ ಕಚ್ಚಿ ಹಿಡಿಯಿತು, ಒಂದು ಕಡೆ ಬಿಡಲೇ ಇಲ್ಲ. ಹರಿದ ಮೂಲೆಯೇ ನಿನಗೆ ಸಾಕ್ಷಿ.

ಹೊರಗಿನ ಮುಚ್ಚಳಕ್ಕೆ ಎರಡು ವಾರಕ್ಕೊಂದು ಶನಿವಾರ. ಪೂರ್ತಿ ಪೈಪನ್ನು ವರ್ಷಕ್ಕೊಮ್ಮೆ ಆಂಟಿಯೇ ಗುಡಿಸುತ್ತಾರೆ, ಮೊನ್ನೆ ಗುಡಿಸಿದರು. ಅಲಾರಂ ಈಗ ಎರಡಿವೆ. ಒಂದು ಹಾಲ್‌ನಲ್ಲಿ, ಇನ್ನೊಂದು ನೀನೂ ಗುಂಡಣ್ಣನೂ ಮಲಗುವ ಕೋಣೆಯಲ್ಲಿ. ಎರಡರ ಬಟನ್ ಒತ್ತಿ ಕಿರುಚಿಸಿ ನೋಡಿದ್ದೇನೆ. ಪಕ್ಕದ ಮನೆಯವರು ಬೈದದ್ದಕ್ಕೆ ಅಮ್ಮ ಸಾಕ್ಷಿ.

ನೀನು ಹೇಳಿದ ಹಾಗೆಯೇ ಅಪ್ಪ ಒಲೆ ಮುಟ್ಟುವುದಿಲ್ಲ. ಮೂವತ್ತು ವರ್ಷ ಬಸ್ ಓಡಿಸಿದ ಕೈ ಅಲ್ಲವಾ ಅಕ್ಕಾ, ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಇದನ್ನು ಹಚ್ಚಿ, ಇಂಜಿನ್ ಸದ್ದು ಕೇಳುವ ಹಾಗೆ ತಲೆ ಓರೆ ಮಾಡಿ ಕೇಳುತ್ತಿದ್ದರು. ಈಗ ನಾನು ಕೆರೆಯುವಾಗ ಪಕ್ಕದಲ್ಲಿ ಕೂತು ಟಾರ್ಚ್ ಹಿಡಿಯುತ್ತಾರೆ. ಟಾರ್ಚ್ ಹಿಡಿದರೆ ಮುಟ್ಟಿದ ಹಾಗಲ್ಲವಲ್ಲ ಅಂತ ಅಮ್ಮನನ್ನು ಕೇಳಿಕೊಂಡರು. ನಿನ್ನೆ ನಾನು ಇಪ್ಪತ್ತೆರಡೇ ಎಣಿಸಿದ್ದೆ. “ಎಡಗಡೆ ಮೂಲೇಲಿ ಒಂದು ಉಳೀತು ನೋಡು ಮರೀ,” ಅಂದರು. ಉಳಿದಿತ್ತು.

ಒಲೆ ಈಗ ಚೆನ್ನಾಗಿದೆ. ಬೆಂಕಿ ಚುರುಕಾಗಿ, ಹಳದಿಯಾಗಿ ಕುಣಿಯುತ್ತದೆ. ಅಮ್ಮ ಎದುರಿಗೆ ಅಂಗಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಾಳೆ, ಅಪ್ಪ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾರೆ, ನನ್ನ ಬೆನ್ನು ಬೆಚ್ಚಗಿದೆ. ನಿಮ್ಮಿಬ್ಬರ ಜಾಗ ಮಾತ್ರ ಖಾಲಿ. ಇಪ್ಪತ್ತಕ್ಕೆ ಬಂದುಬಿಡು ಅಕ್ಕಾ. ಬಂದು ಬಕೆಟ್ ನೋಡಿ ನಂಬು.

ಬೂದಿ ಮೆತ್ತಿದ ಮೂಗಿನ,
ನಿನ್ನ ಇಲಿ

ಮರೆತ ಮಾತು: ಮರೆತದ್ದಲ್ಲ, ಬೇಕಂತಲೇ ಬಿಟ್ಟದ್ದು. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಅದಕ್ಕೇ ಅಂಚು ಹೀಗಾಗಿದೆ.

ಅಪ್ಪ ಫೋನಿನಲ್ಲಿ ಒಂದಕ್ಷರವನ್ನೂ ಟೈಪ್ ಮಾಡುವುದಿಲ್ಲ. ಅಕ್ಷರ ಚಿಕ್ಕದು, ಬೆರಳು ದಪ್ಪ. ಅವರ ಉತ್ತರಗಳನ್ನೆಲ್ಲ ನಾನೇ ಹಾಕುತ್ತೇನೆ. ಆ ಶನಿವಾರ ಅವರು ಸ್ನಾನಕ್ಕೆ ಹೋಗಿದ್ದಾಗ ಅಮ್ಮನ ಮೆಸೇಜ್ ಬಂತು. ಅವರು ಬಂದ ಮೇಲೆ ಹೇಳೋಣ ಅಂತ ‘ಆಯ್ತು’ ಒತ್ತಿದೆ. ಅಷ್ಟರಲ್ಲಿ ಬ್ರಷ್ ಆಂಟಿಯ ಹೊಸ ವಾಯ್ಸ್ ನೋಟ್ ಬಂತು, ಗಾಜು ಒರೆಸುವುದು ಹೇಗೆ ಅಂತ. ಎರಡು ಸಲ ಕೇಳಿದೆ. ಅಪ್ಪನಿಗೆ ಹೇಳಲೇ ಇಲ್ಲ. ಆ ಮೆಸೇಜನ್ನು ಅವರು ಮೊದಲು ಓದಿದ್ದು ಬೀದಿಯಲ್ಲಿ, ಆಂಟಿಯ ಮುಂದೆ, ಒಂದೇ ಚಪ್ಪಲಿಯಲ್ಲಿ ನಿಂತು. ಓದಿ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ‘ನಂದೇ ತಪ್ಪು’ ಅಂದರು. ಹದಿನಾಲ್ಕು ದಿನದಿಂದ ಅವರೂ ಹೇಳಿಲ್ಲ, ನಾನೂ ಹೇಳಿಲ್ಲ. ಅಮ್ಮನಿಗೆ ಈಗಷ್ಟೇ ಹೇಳಿದೆ. ಗುಂಡಿ ಹೊಲಿಯುವುದನ್ನು ನಿಲ್ಲಿಸಿ ನನ್ನ ಕಿವಿ ಹಿಂಡಿದಳು, ಆಮೇಲೆ ಎದ್ದು ಹೋಗಿ ಅಪ್ಪನಿಗೆ ಚಹಾ ಮಾಡಿದಳು.

ನೀನು ನಂಬಿ ಒಲೆ ಕೊಟ್ಟಿದ್ದು ನನ್ನ ಕೈಗೆ, ದೂರ ಇಟ್ಟಿದ್ದು ಅಪ್ಪನನ್ನು. ತಿರುಗಾ ಮುರುಗಾ ಆಗಿದೆ. ಈಗ ಬರುವುದೋ ಬೇಡವೋ ನೀನೇ ನೋಡು. ಬಂದರೆ ಒಲೆಯನ್ನು ನಾವಿಬ್ಬರೂ ಸೇರಿ ನೋಡಿಕೊಳ್ಳುತ್ತೇವೆ, ಕೆರೆಯೋದು ನಾನು, ಎಣಿಸೋದು ಅವರು. ಇದೊಂದು ನನ್ನ ಷರತ್ತು.

ಇನ್ನೊಂದು. ಗುಂಡಣ್ಣನ ಫೋಟೋಗೆ ಅಪ್ಪನ ಫೋನಿನಿಂದ ಬರುತ್ತಿದ್ದ ಕೆಂಪು ಹೃದಯಗಳನ್ನು ಒತ್ತುತ್ತಿದ್ದವಳೂ ನಾನೇ. ಆದರೆ ಎಷ್ಟು ಅಂತ ಹೇಳುತ್ತಿದ್ದವರು ಅವರು. ನೀನು ಅಮ್ಮನಿಗೆ ಕಳಿಸಿದ ಟೋಪಿ ಫೋಟೋ ನೋಡಿ ನಿನ್ನೆ “ಏಳು ಹಾಕು” ಅಂದರು. ಅಕ್ಕ ಗ್ರೂಪ್‌ನಲ್ಲಿಲ್ಲ, ಎಲ್ಲಿ ಹಾಕಲಿ ಅಂದೆ. “ಇಟ್ಕೊಂಡಿರು,” ಅಂದರು.

ಏಳೂ ಇಟ್ಟುಕೊಂಡಿದ್ದೇನೆ.