ಪಿಟೀಲಿಗಿಂತ ಮೊದಲಿನ ಉಸಿರು

ಐಶ್ವರ್ಯ,

ಮಲಗಿದ್ದಿ ಅಂತ ಎಬ್ಬಿಸಲಿಲ್ಲ. ನಾನು, ನಿಮ್ಮವ್ವ ಸಿಂಧನೂರಿಗೆ ಹೊಂಟೀವಿ, ಸಂಜೀಕ ಬರ್ತೀವಿ. ಬುಟ್ಟ್ಯಾಗ ರೊಟ್ಟಿ ಅದಾವ, ಪುಂಡಿಪಲ್ಯ ಬಿಸಿ ಮಾಡ್ಕೊಂಡು ಉಣ್ಣು. ಬರೇ ಚಹಾ ಕುಡ್ಕೊಂತ ಕೂಡಬ್ಯಾಡ.

ನಿನ್ನ ಫ್ರೆಂಚ್ ಸಂಗೀತದ ರೆಕಾರ್ಡಿಂಗ್ ಮುಂಜಾನೆ ನಿನ್ನ ಫೋನಿನಾಗ ಕೇಳಿದ್ವಿ, ಬೈಬ್ಯಾಡ. ನೀವು ನಾಕು ಮಂದಿ ಕೂಡಿ ಬಾರಿಸಿದ್ದು ನನಗೇನೂ ತಿಳೀಲಿಲ್ಲ, ಚಂದ ಐತಿ ಅಷ್ಟ. ಆದ್ರ ಪಿಟೀಲು ಸುರು ಮಾಡೋ ಮುಂದ ನೀ ಉಸಿರು ಎಳಕೊಳ್ಳೋದು ಕೇಳಿಸ್ತು. ಅದನ್ನ ತೆಗೀರಿ ಅಂತ ನಿನ್ನೆ ಸ್ಟುಡಿಯೋದವರಿಗೆ ಹೇಳಾಕತ್ತಿದ್ದಿ.

ತೆಗಿಸಬ್ಯಾಡವ್ವ. ಸಣ್ಣಾಕಿ ಇದ್ದಾಗ ನಿನಗ ದಮ್ಮು ಬಂದ್ರ ನಾವಿಬ್ಬರೂ ಇದೇ ಉಸಿರಿಗೆ ಕಿವಿಗೊಟ್ಟು ಕೂಡ್ತಿದ್ವಿ. ಈಗ ಎಷ್ಟು ಸಲೀಸಾಗಿ ಬರ್ತೈತಿ! ನಿಮ್ಮವ್ವ ಅದಷ್ಟನ್ನ ನಾಕು ಸಲ ಹಚ್ಚಿಸಿ ಕೇಳಿದ್ಲು. ಏಳರ ಬಸ್ಸು ತಪ್ತು.

ಅಪ್ಪ