ಇಂಜಿನ್ ಮೇಲಿನ ಹೆಬ್ಬೆಟ್ಟು

14 ಸೆಪ್ಟೆಂಬರ್ 2025, ಭಾನುವಾರ

ಎಂದಿನಂತೆ ಬೆಳಿಗ್ಗೆ ಫಿಯಟ್ ಕಾರು ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಟ್ಟೆ. ಕೆಮ್ಮಿತು, ಆಮೇಲೆ ಹಿಡಿಯಿತು. ಎರಡು ಬ್ಲೌಸ್ ಕಟಿಂಗ್ ಮುಗಿಸುವಷ್ಟರಲ್ಲಿ ಬೆಳ್ಮಣ್‌ನಿಂದ ನನ್ನ ಅಣ್ಣ ದೇವದಾಸ ಬಂದ. ಕೈಯಲ್ಲಿ ಗ್ರೈಂಡರ್!

ವಿಷಯ ಇಷ್ಟೆ. ಅಪ್ಪನ ಕಾರಿನ ಆರ್‌ಸಿ ರಿನೀವಲ್ ಆಗಬೇಕು. ಮೊನ್ನೆ ಮಣಿಪಾಲದ ಆರ್‌ಟಿಒ ಆಫೀಸಿಗೆ ಕೊಂಡುಹೋದಾಗ ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿ, "ಇಂಜಿನ್ ನಂಬರ್ ಎಲ್ಲುಂಟು ಮೇಡಂ? ಬರೀ ಪೇಂಟೇ ಕಾಣ್ತದಲ್ಲ" ಎಂದರು. 25ಕ್ಕೆ ಮತ್ತೆ ತೋರಿಸಬೇಕು. ಓದಲು ಬಂದರೆ ಪಾಸ್. ಕೆರೆದ ಗುರುತು ಕಂಡರೆ ತಿದ್ದಿದ ನಂಬರ್ ಎಂದು ಫೇಲ್. ಫೇಲ್ ಆದರೆ ಗುಜರಿಗೆ — ಅಣ್ಣ ಆಗಲೇ ಮಾತಾಡಿಟ್ಟಿದ್ದಾನೆ, ಪುಣ್ಯಾತ್ಮ.

"ಐದು ನಿಮಿಷದ ಕೆಲಸ ಮಾರಾಯ್ತಿ."

"ಕಬ್ಬಿಣದಲ್ಲಿ ಒತ್ತಿದ ಅಂಕಿ ಅದು. ಗ್ರೈಂಡರ್ ಇಟ್ಟರೆ ಪೇಂಟಿನ ಒಟ್ಟಿಗೆ ನಂಬರೂ ಹೋಗ್ತದೆ. ಕೊಂಡುಹೋಗು ಅದನ್ನು!"

ಚಹಾ ಕುಡಿಯದೆ ಹೋದ. ಹೋಗಲಿ.

16, ಮಂಗಳವಾರ

ಅಣ್ಣನ ಮಗಳು ಆಶ್ರಿತಾ ಮಣಿಪಾಲದಲ್ಲಿ ಹಲ್ಲಿನ ಡಾಕ್ಟರಿಕೆ ಓದುತ್ತಿದ್ದಾಳೆ. ಗ್ಲೌಸ್, ಕನ್ನಡಕ, ಮಾಸ್ಕ್ ಎಲ್ಲ ತಂದುಕೊಟ್ಟಳು. "ಹಳೇ ಪೇಂಟಲ್ಲಿ ಸೀಸ ಇರ್ತದೆ ಅತ್ತೆ. ಒಣಗಿದ್ದನ್ನು ಉಜ್ಜಬೇಡಿ, ಧೂಳು ಎದೆಗೆ ಹೋಗ್ತದೆ."

ಹಾಗೆಯೇ ಮಾಡಿದೆ. ಇಂಜಿನ್ ತಣ್ಣಗಾಗಲು ಬಿಟ್ಟೆ. ಬ್ಯಾಟರಿ ವೈರ್ ಬಿಚ್ಚಿದೆ. ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಟ್ಟೆ. ಸುತ್ತಲಿನ ರಬ್ಬರಿಗೆ ಪ್ಲಾಸ್ಟಿಕ್ ಸುತ್ತಿ, ಪೇಂಟ್ ರಿಮೂವರ್ ಹಚ್ಚಿ ಕಾದೆ. ಪೇಂಟ್ ಉಬ್ಬಿದ ಮೇಲೆ ಐಸ್‌ಕ್ಯಾಂಡಿ ಕಡ್ಡಿಯಲ್ಲಿ ಎಬ್ಬಿಸುವುದು, ಹಳೇ ಟೂತ್‌ಬ್ರಶ್ಶಿನಲ್ಲಿ ಮೆಲ್ಲಗೆ ತಿಕ್ಕುವುದು, ಒರೆಸುವುದು. ಕಬ್ಬಿಣದ ಸಾಮಾನು ಯಾವುದನ್ನೂ ಮುಟ್ಟಿಸಲಿಲ್ಲ. ತಪ್ಪಿ ಹಾಕಿದ ಹೊಲಿಗೆ ಬಿಚ್ಚಿದ ಹಾಗೆಯೇ. ಅವಸರ ಮಾಡಿದರೆ ಬಟ್ಟೆ ಹರಿಯುತ್ತದೆ.

ಮೊದಲು ಬಂದದ್ದು ಸಿಲ್ವರ್. ಅಪ್ಪನ ಕೊನೆಯ ಆಯುಧ ಪೂಜೆಯದ್ದು.

18, ಗುರುವಾರ

ಪ್ರತಿ ಆಯುಧ ಪೂಜೆಗೆ ಇಂಜಿನ್‌ಗೆ ಒಂದು ಕೋಟ್ ಪೇಂಟ್ — ಅಪ್ಪನ ನೇಮ. ಹೊಸ ಡಬ್ಬ ತರುವ ಮನುಷ್ಯ ಅಲ್ಲ. ಮನೆಗೆ ಹಚ್ಚಿ ಉಳಿದದ್ದೇ ಇಂಜಿನ್‌ಗೆ.

ಸಿಲ್ವರಿನ ಅಡಿಯಲ್ಲಿ ಕಂದು, ಅದು ಗೇಟಿನದ್ದು. ಅದರಡಿಯಲ್ಲಿ ಕ್ರೀಮ್. ಆಶ್ರಿತಾಳ ತೊಟ್ಟಿಲಿಗೆ ಹಚ್ಚಿದ್ದು! ಆಮೇಲೆ ಕೆಂಪು, ನನ್ನ ಮೊದಲ ಹೊಲಿಗೆ ಅಂಗಡಿಯ ಬೋರ್ಡಿನದ್ದು. ಬೋರ್ಡ್ ಎಲ್ಲಿ ಹೋಯಿತೋ. ಬಣ್ಣ ಇಲ್ಲೇ ಉಂಟು.

ನಗು ಬಂತು, ಸ್ವಲ್ಪ ಅಳುವೂ ಬಂತು. ಬೆರಳ ತುದಿಯಷ್ಟು ಜಾಗದಲ್ಲಿ ಇಡೀ ಮನೆ.

22, ಸೋಮವಾರ

ಮೂರು ದಿನ ಮಳೆ. ಬಾಗಿಲು ತೆರೆಯಲಾಗದೆ ಕೆಲಸ ನಿಂತಿತ್ತು. ಇವತ್ತು ಬಿಸಿಲು.

ಮೊದಲಿನ ಅಂಕಿಗಳು ಕಂಡವು. ಕೊನೆಯ ಎರಡರ ಮೇಲೆ ನೀಲಿ ಬಣ್ಣ ದಪ್ಪಗೆ ಕೂತಿತ್ತು. ಕಡ್ಡಿ ತಾಗಿಸಿದ್ದೇ ತಡ, ಆ ಜಾಗದ ನೀಲಿ ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದು ಬಂತು. ಕೆಳಗೆ ಹಸಿರು. ಹಸಿರಿನಲ್ಲಿ ಒಂದು ಸಣ್ಣ ಗುಳಿ, ಗುಳಿಯಲ್ಲಿ ಸಣ್ಣ ಸಣ್ಣ ಗೆರೆ.

ತಿಲಕನ ಹೆಬ್ಬೆಟ್ಟು.

ನಮ್ಮ ತಮ್ಮ. ಆಗ ಐದು ವರ್ಷ. ಸ್ಟಿಯರಿಂಗಿಗೆ ಬೊಟ್ಟು ಇಡು ಎಂದರೆ ಹಸಿ ಪೇಂಟಿಗೆ ಒತ್ತಿಬಿಟ್ಟ. ಅಪ್ಪ ಹೊಡೆಯಲು ಎತ್ತಿದ ಕೈ ಇಳಿಸಿ ನಕ್ಕರು. "ಹೆಬ್ಬೆಟ್ಟು ಒತ್ತಿ ಆಯ್ತಲ್ಲ, ಇನ್ನು ಗಾಡಿ ಇವನದ್ದೇ." ಮುಂದಿನ ಮಳೆಗಾಲ ಜ್ವರ ಬಂತು, ತಲೆಗೇರಿತು. ಇದೇ ಕಾರಲ್ಲಿ ಉಡುಪಿಗೆ ಕರೆದುಕೊಂಡು ಹೋದದ್ದು. ಬರುವಾಗ ಅವನಿರಲಿಲ್ಲ.

ಆ ವರ್ಷದ ಪೂಜೆಗೆ ಅಪ್ಪ ಎಲ್ಲಕ್ಕಿಂತ ಮೊದಲು ಆ ಗುರುತಿನ ಮೇಲೆಯೇ ನೀಲಿ ಬಳಿದರು. ಎಂಥಾ ಕಲ್ಲೆದೆ ಎಂದು ಎಷ್ಟು ಸಿಟ್ಟು ಬಂದಿತ್ತು ನನಗೆ! ಅವರು ತೀರಿಕೊಂಡ ಮೇಲೂ ಆ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

23, ಮಂಗಳವಾರ

ಅಣ್ಣನಿಗೆ ಫೋನ್ ಮಾಡಿದೆ. ಓಡಿ ಬಂದ. ಟಾರ್ಚ್ ಹಿಡಿದು ನೋಡಿದ. ಎದ್ದು ಬಂದ ನೀಲಿ ಸಿಪ್ಪೆಯನ್ನು ಮಗುಚಿ, ಮೂಸಿ ನೋಡಿದ.

"ಗ್ರೀಸ್."

"ಎಂತ?"

"ಪೇಂಟ್ ಹಿಡಿಯಬಾರದು ಅಂತ ಅಡಿಗೆ ಗ್ರೀಸ್ ಸವರಿದ್ದಾರೆ ಮೋಹಿನಿ. ಈ ಜಾಗಕ್ಕೆ ಮಾತ್ರ."

ಇಬ್ಬರೂ ಅಲ್ಲೇ ಸಿಮೆಂಟಿನ ಮೇಲೆ ಕೂತೆವು. ಅಳಿಸಿದ್ದಲ್ಲ. ಮುಚ್ಚಿಟ್ಟದ್ದು. ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲ ಅಪ್ಪ... ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು?

ಉಳಿದ ಎರಡು ಅಂಕಿ ಹೆಬ್ಬೆಟ್ಟಿನ ಅಡಿಯಲ್ಲೇ ಇವೆ. ಅದನ್ನು ತೆಗೆಯದೆ ನಂಬರ್ ಇಲ್ಲ. ನಂಬರ್ ಇಲ್ಲದೆ ಕಾರಿಲ್ಲ.

"ಕಾರು ಹೋದರೆ ಹೋಗಲಿ. ಇದನ್ನು ಮುಟ್ಟಬೇಡ," ಎಂದ ಅಣ್ಣ. ಗ್ರೈಂಡರ್ ತಂದವನು!

"ಗುಜರಿಗೆ ಹೋದ ಮೇಲೆ ಹೆಬ್ಬೆಟ್ಟು ಎಲ್ಲಿರ್ತದೆ, ನಿನ್ನ ತಲೆ?"

24, ಬುಧವಾರ

ಉಪಾಯ ಆಶ್ರಿತಾಳದ್ದು. ಹಲ್ಲಿನ ಅಚ್ಚು ತೆಗೆಯುವ ಪೇಸ್ಟ್ ತಂದು ಕಲಸಿ ಗುಳಿಯ ಮೇಲೆ ಒತ್ತಿದಳು. ಗಟ್ಟಿಯಾದ ಮೇಲೆ ಮೆಲ್ಲ ಎಳೆದಳು. ಗೆರೆ ಗೆರೆಯೂ ಅದರಲ್ಲಿ ಬಂದಿತ್ತು. "ಇದಕ್ಕೆ ಪ್ಲಾಸ್ಟರ್ ಹೊಯ್ದರೆ ಹೀಗೆಯೇ ಗುಳಿ ಬರ್ತದೆ ಅತ್ತೆ. ಹೆದರಬೇಡಿ."

ಆಮೇಲೆ ರಿಮೂವರ್ ಹಚ್ಚಿದೆ. ಅಣ್ಣ ಹೊರಗೆ ಹೋಗಿ ಸಮುದ್ರದ ಕಡೆ ಮುಖ ಮಾಡಿ ನಿಂತ. ಹಸಿರು ಉಬ್ಬಿತು, ಗೆರೆಗಳು ಕಲಸಿಹೋದವು. ನಾನೇ ಒರೆಸಿದೆ. ಬೇರೆ ಯಾರಾದರೂ ಒರೆಸುವುದು ನನಗೆ ಬೇಡವಾಗಿತ್ತು.

ಅಡಿಯಲ್ಲಿ ಮೂರು ಮತ್ತು ಎಂಟು. ಒಂದು ಗೀರೂ ಇಲ್ಲ.

25

ಪಾಸ್. ಇನ್ಸ್‌ಪೆಕ್ಟರ್ ಗಟ್ಟಿಯಾಗಿ ಓದಿದರು. ಮೂರು, ಎಂಟು ಎನ್ನುವಾಗ ಅಣ್ಣ ನನ್ನ ಕೈ ಹಿಡಿದಿದ್ದ.

1 ಅಕ್ಟೋಬರ್, ಆಯುಧ ಪೂಜೆ

ಕಾರು ತೊಳೆದು ಸೇವಂತಿಗೆ ಮಾಲೆ ಹಾಕಿ ಆಯಿತು. ಅಣ್ಣ ಹಸಿರು ಪೇಂಟ್ ತಂದಿದ್ದಾನೆ, ಹೊಸ ಡಬ್ಬ. ಅಪ್ಪ ಇದ್ದಿದ್ದರೆ ಬೈಗುಳ ಖಂಡಿತ. ನಂಬರಿನ ಮೇಲೆ ಟೇಪ್ ಹಚ್ಚಿಕೊಟ್ಟಿದ್ದೇನೆ.

ಆಶ್ರಿತಾ ಪ್ಲಾಸ್ಟರ್ ಅಚ್ಚು ತಂದಳು. ಬಿಳಿ ಬಿಲ್ಲೆ, ನಡುವೆ ಗುಳಿ. ಅಣ್ಣನ ಹೆಬ್ಬೆರಳು ಅದರಲ್ಲಿ ಹಿಡಿಯಲಿಲ್ಲ. ನನ್ನದೂ ಹಿಡಿಯಲಿಲ್ಲ. ಎಡಗೈ ಕಿರುಬೆರಳು ಇಟ್ಟು ನೋಡಿದೆ. ಸರಿಯಾಗಿ ಕೂತಿತು. ಇಷ್ಟು ಸಣ್ಣವನಿದ್ದನೇ ನೀನು?

ಬೊಟ್ಟು ಇಡಲು ಬಾ ಎಂದು ಅಣ್ಣ ಕರೆಯುತ್ತಿದ್ದಾನೆ. ಹೋಗಬೇಕು. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಪುಟ ಜಾರುತ್ತಿದೆ. ಇನ್ನೊಂದು ಕೈ ಇನ್ನೂ—